ಮೀನುತೊಟ್ಟಿಯ ಪಂಪು ಸದ್ದು ಮಾಡುವುದೇಕೆ?

ಕಡಲಿನ ಬಣ್ಣದ ಮೀನುಗಳನ್ನು ಮನೆಯೊಳಗೆ ಸಾಕುವವರಿಗೆ ಅವರ ಗಾಜಿನ ತೊಟ್ಟಿ ಕಣ್ಣಿಗೆ ಹಬ್ಬ. ಆದರೆ ಅದು ಕಿವಿಗೂ ಹಬ್ಬವಾಗಿರುವುದು ಅಪರೂಪ. ಹಗಲಿನ ಗದ್ದಲದಲ್ಲಿ ಗಮನಕ್ಕೆ ಬಾರದ ಒಂದು ಗುಂಯ್‌ಗುಡುವಿಕೆ, ರಾತ್ರಿ ಮನೆ ನಿಶ್ಶಬ್ದವಾದೊಡನೆ ಸ್ಪಷ್ಟವಾಗಿ ಕೇಳತೊಡಗುತ್ತದೆ. ಕೆಲವು ವಾರಗಳು ಕಳೆಯುವಷ್ಟರಲ್ಲಿ ಅದಕ್ಕೆ ಗೊರಗೊರ ಶಬ್ದವೋ ಕಟಕಟ ಬಡಿತವೋ ಬಂದು ಸೇರುತ್ತದೆ. ಪಂಪು ಕೆಟ್ಟಿತೆಂದು ತೀರ್ಮಾನಿಸಿ ಒಡೆಯನು ಹೊಸದನ್ನು ತರುತ್ತಾನೆ. ಹೊಸ ಪಂಪೂ ಕೆಲವೇ ದಿನಗಳಲ್ಲಿ ಹಳೆಯ ರಾಗವನ್ನೇ ಎಳೆಯುತ್ತದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಎಷ್ಟೋ ವೇಳೆ ಸದ್ದು ಹೊರಡುವುದು ಪಂಪಿನಿಂದಲಾದರೂ ಅದರ ಕಾರಣ ಪಂಪಿನ ಹೊರಗಿರುತ್ತದೆ.

ಇದು ಕೇವಲ ನಿದ್ರಾಭಂಗದ ಪ್ರಶ್ನೆಯಲ್ಲ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಸುಮಾರು 8.2 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲುದು. ಅಷ್ಟೇ ಸಮುದ್ರದ ನೀರಿಗೆ 7 ಮಿಲಿಗ್ರಾಂ ಕೂಡ ಸಾಧ್ಯವಿಲ್ಲ. ಕಡಲಿನ ಜೀವಿಗಳ ಪಾಲಿಗೆ ಉಸಿರಿನ ಬಂಡವಾಳವೇ ಚಿಕ್ಕದು. ನೀರು ಸದಾ ಹರಿಯುತ್ತ, ಗಾಳಿಯನ್ನು ಸೋಕುತ್ತ ಇದ್ದರೆ ಮಾತ್ರ ಆ ಬಂಡವಾಳ ಕರಗದೆ ಉಳಿಯುತ್ತದೆ. ಪಂಪು ನಿಂತರೆ ಈ ಕೊಡುಕೊಳೆಯೂ ಕುಗ್ಗುತ್ತದೆ. ಹಾಗೆ ನಿಲ್ಲುವ ಮೊದಲು ಪಂಪು ಸಾಮಾನ್ಯವಾಗಿ ಸದ್ದಿನ ಮೂಲಕ ಮುನ್ಸೂಚನೆ ಕೊಡುತ್ತದೆ. ಆ ಸೂಚನೆಯನ್ನು ಅರ್ಥಮಾಡಿಕೊಳ್ಳುವುದು ಹೇಗೆಂಬುದನ್ನು ಇಲ್ಲಿ ನಾವು ಪರಿಶೀಲಿಸೋಣ.

ತೊಟ್ಟಿಯೂ ಸಂಪೂ

ಮೇಲೆ ನೋಡುವ ತೊಟ್ಟಿ, ಕೆಳಗೆ ಕಣ್ಣಿಗೆ ಬೀಳದ ಮತ್ತೊಂದು ತೊಟ್ಟಿ, ಇವೆರಡರ ನಡುವೆ ಸದಾ ಸುತ್ತುವ ನೀರು: ಈ ಏರ್ಪಾಡು ಇಂದಿನದಲ್ಲ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ತೆರೆದ ಸಾರ್ವಜನಿಕ ಮತ್ಸ್ಯಾಲಯದಲ್ಲಿ ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬಾತನು ನೆಲದಡಿಯಲ್ಲಿ ದೊಡ್ಡದೊಂದು ಕತ್ತಲೆಯ ಕೊಳವನ್ನು ಕಟ್ಟಿಸಿ, ಅಲ್ಲಿಂದ ಕಡಲ ನೀರನ್ನು ಪಂಪುಗಳ ಮೂಲಕ ಮೇಲಿನ ತೊಟ್ಟಿಗಳಿಗೆ ಎಡೆಬಿಡದೆ ಏರಿಸುತ್ತಿದ್ದನು. ಇಂದಿನ ಮನೆತೊಟ್ಟಿ ಅದರ ಕಿರಿಯ ರೂಪ. ಕೆಳಗಿನ ತೊಟ್ಟಿಯನ್ನು ‘ಸಂಪ್’ ಎನ್ನುತ್ತಾರೆ; ನಮ್ಮ ಮನೆಗಳ ಅಂಗಳದಲ್ಲಿರುವ ಸಂಪಿಗೂ ಇದೇ ಹೆಸರಿರುವುದರಿಂದ ಓದುಗರಿಗೆ ಇದನ್ನು ನೆನಪಿಡುವುದು ಸುಲಭ.

ಮೇಲಿನ ತೊಟ್ಟಿಯ ಅಂಚಿನಲ್ಲಿ ಒಂದು ಕಂಡಿ ಇರುತ್ತದೆ. ಕೆರೆಗೆ ಕೋಡಿ ಇದ್ದಂತೆ ಇದು ತೊಟ್ಟಿಯ ಕೋಡಿ. ಪಂಪು ಎಷ್ಟು ನೀರನ್ನು ಏರಿಸುವುದೋ ಅಷ್ಟೂ ಈ ಕೋಡಿಯನ್ನು ಹಾಯ್ದು ಕೊಳವೆಯಲ್ಲಿ ಸಂಪಿಗೆ ಇಳಿಯುತ್ತದೆ. ಸಂಪಿನೊಳಗೂ ಅಡ್ಡಗೋಡೆಗಳಿಂದ ಎರಡು ಮೂರು ಕೋಣೆಗಳನ್ನು ಮಾಡಿರುತ್ತಾರೆ. ಕೊನೆಯ ಕೋಣೆಯಲ್ಲಿ ನೀರನ್ನು ಮೇಲಕ್ಕೆ ಹಿಂದಿರುಗಿಸುವ ಪಂಪು ಕುಳಿತಿರುತ್ತದೆ.

ಪಂಪಿನ ಒಳಗೆ

ಒಂದು ಕಿಲೋಗ್ರಾಂ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅಂಥ ನೀರಿಗೆ ಸಾಮಾನ್ಯ ಲೋಹಗಳು ಬಹುಕಾಲ ತಾಳಲಾರವು. ಆದುದರಿಂದ ಈ ಪಂಪಿನಲ್ಲಿ ವಿದ್ಯುತ್ ಹರಿಯುವ ಸುರುಳಿಗಳನ್ನು ರಾಳದಲ್ಲಿ ಪೂರ್ತಿ ಹುದುಗಿಸಿಬಿಡುತ್ತಾರೆ. ತಿರುಗುವ ಭಾಗಕ್ಕೂ ಸುರುಳಿಗಳಿಗೂ ನಡುವೆ ಯಾವ ತಂತಿಯೂ ಇಲ್ಲ, ಯಾವ ಲೋಹದ ಅಚ್ಚೂ ಇಲ್ಲ. ಪ್ಲಾಸ್ಟಿಕ್ ಹೊದಿಕೆಯ ದುಂಡನೆಯ ಶಾಶ್ವತ ಕಾಂತವೊಂದು ಪಿಂಗಾಣಿಯ ಕಡ್ಡಿಯ ಮೇಲೆ ನೀರಿನಲ್ಲಿ ಮುಳುಗಿಯೇ ತಿರುಗುತ್ತದೆ. ಅದರ ತುದಿಯಲ್ಲಿರುವ ರೆಕ್ಕೆಚಕ್ರವು ನೀರನ್ನು ಕೇಂದ್ರದಿಂದ ಹೊರಕ್ಕೆ ಎಸೆದು ಕೊಳವೆಯಲ್ಲಿ ಮೇಲಕ್ಕೆ ನೂಕುತ್ತದೆ. ಕಡ್ಡಿಗೆ ಎಣ್ಣೆಯಿಲ್ಲ, ನೀರೇ ಅದರ ಎಣ್ಣೆ. ಆದುದರಿಂದ ಈ ಬಗೆಯ ಪಂಪನ್ನು ನೀರಿನಿಂದ ಹೊರಗಿಟ್ಟು ಓಡಿಸಿ ಪರೀಕ್ಷಿಸುವುದು ಸಲ್ಲದು.

ನಮ್ಮ ದೇಶದ ಮನೆಗಳಿಗೆ ಬರುವ ವಿದ್ಯುತ್ ಪ್ರವಾಹವು ಸೆಕೆಂಡಿಗೆ 50 ಆವರ್ತಗಳಲ್ಲಿ ದಿಕ್ಕು ಬದಲಿಸುತ್ತದೆ. ಎರಡು ಧ್ರುವಗಳ ಕಾಂತವು ಅದರ ತಾಳಕ್ಕೆ ಹೆಜ್ಜೆಹಾಕಿ ಸೆಕೆಂಡಿಗೆ 50 ಸುತ್ತು, ಎಂದರೆ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಪ್ರತಿಯೊಂದು ಆವರ್ತದಲ್ಲಿಯೂ ಕಾಂತಬಲವು ಎರಡು ಸಲ ಏರಿ ಇಳಿಯುವುದರಿಂದ ಪಂಪಿನ ಒಡಲು ಸೆಕೆಂಡಿಗೆ 100 ಸಲ ನಡುಗುತ್ತದೆ. ಪಂಪಿನ ಗುಂಯ್ ಎಂಬ ಸ್ವರ ಇದೇ. ಇದು ರೋಗವಲ್ಲ, ನಾಡಿಬಡಿತ. ನೇರ ಪ್ರವಾಹದಿಂದ ನಡೆಯುವ ಹೊಸ ಬಗೆಯ ಪಂಪುಗಳಲ್ಲಿ ವೇಗವನ್ನು ಬೇಕಾದಂತೆ ಹೆಚ್ಚಿಸಿ ತಗ್ಗಿಸಬಹುದಾದುದರಿಂದ ಅವುಗಳ ಸ್ವರವೂ ವೇಗದೊಡನೆ ಏರಿಳಿಯುತ್ತದೆ.

ಗೊರಗೊರ ಸದ್ದು: ಗಾಳಿಯ ಕೆಲಸ

ಗೊರಗೊರ ಎನ್ನುವ, ಬಿಟ್ಟು ಬಿಟ್ಟು ಬರುವ ಸದ್ದು ಕೇಳಿದರೆ ಪಂಪಿನೊಳಗೆ ಗಾಳಿ ಹೋಗುತ್ತಿದೆಯೆಂದು ಮೊದಲು ಶಂಕಿಸಬೇಕು. ಗಾಳಿ ಬರುವುದೆಲ್ಲಿಂದ? ಇದಕ್ಕೆ ಉತ್ತರ ಕೋಡಿಯಲ್ಲಿದೆ.

ತೊಟ್ಟಿಯ ನೀರು ಪ್ರತಿದಿನವೂ ಆವಿಯಾಗುತ್ತದೆ. ಆದರೆ ಮೇಲಿನ ತೊಟ್ಟಿಯ ಮಟ್ಟವನ್ನು ಅದರ ಕೋಡಿಯೂ ಸಂಪಿನ ಮೊದಲ ಕೋಣೆಗಳ ಮಟ್ಟವನ್ನು ಅಡ್ಡಗೋಡೆಗಳೂ ಕಾಯುತ್ತಿರುತ್ತವೆ. ಆದುದರಿಂದ ಇಡೀ ವ್ಯವಸ್ಥೆಯ ನಷ್ಟವನ್ನೆಲ್ಲ ಪಂಪಿರುವ ಕೊನೆಯ ಕೋಣೆಯೊಂದೇ ಹೊರಬೇಕಾಗುತ್ತದೆ. ಒಂದು ಲೆಕ್ಕ ಮಾಡೋಣ. ಮೇಲಿನ ತೊಟ್ಟಿ 100 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲವಿದೆಯೆಂದೂ ಕೊನೆಯ ಕೋಣೆ 30 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲವಿದೆಯೆಂದೂ ಇಟ್ಟುಕೊಳ್ಳೋಣ. ದಿನಕ್ಕೆ 3 ಲೀಟರ್ ನೀರು ಆವಿಯಾದರೆ, ಆ ನಷ್ಟ ಮೇಲಿನ ತೊಟ್ಟಿಯ ಮೇಲೆ ಬಿದ್ದಿದ್ದಲ್ಲಿ ಮಟ್ಟವು ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಇಳಿಯುತ್ತಿತ್ತು. ಆದರೆ ಕೊನೆಯ ಕೋಣೆಯಲ್ಲಿ ಅದು 5 ಸೆಂಟಿಮೀಟರ್ ಇಳಿಯುತ್ತದೆ! ಮೇಲಿನ ತೊಟ್ಟಿಯನ್ನೇ ನೋಡುತ್ತಿರುವವನಿಗೆ ಯಾವ ಬದಲಾವಣೆಯೂ ಕಾಣುವುದಿಲ್ಲ; ಎರಡು ಮೂರು ದಿನಗಳಲ್ಲಿ ಪಂಪಿನ ಬಾಯಿ ಮಾತ್ರ ನೀರಿನ ಮೇಲ್ಮೈಗೆ ಸಮೀಪವಾಗಿರುತ್ತದೆ. ಆಗ ಸ್ನಾನದ ತೊಟ್ಟಿಯ ಕಂಡಿಯ ಮೇಲೆ ಸುಳಿ ಏಳುವಂತೆ ಇಲ್ಲಿಯೂ ಒಂದು ಸುಳಿ ಎದ್ದು ಗಾಳಿಯನ್ನು ಒಳಕ್ಕೆ ಎಳೆಯುತ್ತದೆ.

ಒಳಹೊಕ್ಕ ಗಾಳಿ ಸದ್ದು ಮಾಡುವುದೇಕೆ? ಗುಳ್ಳೆಯೊಳಗಿನ ಗಾಳಿ ಒಂದು ಸ್ಪ್ರಿಂಗಿನಂತೆ; ಸುತ್ತಲಿನ ನೀರು ಅದಕ್ಕೆ ಕಟ್ಟಿದ ಭಾರದಂತೆ. ಅಲುಗಿಸಿದರೆ ಗುಳ್ಳೆಯು ಹಿಗ್ಗಿ ಕುಗ್ಗಿ ಮಿಡಿಯುತ್ತದೆ. ಗುಳ್ಳೆ ಚಿಕ್ಕದಾದಷ್ಟೂ ಸ್ವರ ಏರುತ್ತದೆಂಬುದನ್ನು ಮಿನಾರ್ಟ್ ಎಂಬ ವಿಜ್ಞಾನಿ 1933ರಲ್ಲಿ ಗಣಿತದಿಂದ ತೋರಿಸಿದನು. 3 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 1,000 ಸಲವೂ 1 ಮಿಲಿಮೀಟರ್ ತ್ರಿಜ್ಯದ್ದು 3,000ಕ್ಕೂ ಮಿಕ್ಕಿ ಮಿಡಿಯುತ್ತವೆ. ನಮ್ಮ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದು ಸುಮಾರು 2,000ದಿಂದ 5,000 ಕಂಪನಗಳ ವರೆಗಿನ ಸ್ವರಗಳಿಗೆ. ಹಿಡಿಯಷ್ಟು ಗುಳ್ಳೆಗಳೂ ಕಿವಿಗೆ ದೊಡ್ಡ ಕಿರುಕುಳವಾಗಲು ಇದೂ ಒಂದು ಕಾರಣ.

ಪರಿಹಾರ ಸುಲಭ. ಆವಿಯಾದಷ್ಟು ನೀರನ್ನು ದಿನವೂ ತುಂಬಬೇಕು. ತುಂಬುವುದು ಮಾತ್ರ ಲವಣರಹಿತವಾದ ಶುದ್ಧ ನೀರನ್ನೇ, ಏಕೆಂದರೆ ಆವಿಯಾಗಿ ಹೋದುದು ನೀರು. ಉಪ್ಪು ಹಿಂದೆಯೇ ಉಳಿದಿದೆ. ಉಪ್ಪುನೀರನ್ನೇ ಸುರಿಯುತ್ತ ಬಂದರೆ ಸದ್ದು ನಿಂತೀತು, ಆದರೆ ಲವಣಾಂಶ ಏರುತ್ತ ಹೋಗಿ ಜೀವಿಗಳು ತೊಂದರೆಗೊಳಗಾಗುತ್ತವೆ.

ಮಟ್ಟ ಸರಿಯಿದ್ದೂ ಗುಳ್ಳೆಗಳು ಬರುತ್ತಿದ್ದರೆ, ಮೇಲಿನಿಂದ ಧುಮುಕುವ ನೀರು ಗಾಳಿಯನ್ನು ಹೊತ್ತು ತರುತ್ತಿರಬಹುದು. ಇಳಿಗೊಳವೆಯ ತುದಿಯನ್ನು ನೀರಿನೊಳಗೆ ತುಸುವೇ ಮುಳುಗಿಸಿದರೆ ಅದು ಕಡಿಮೆಯಾಗುತ್ತದೆ. ಇನ್ನೊಂದು ಸಂದರ್ಭವೂ ಉಂಟು. ವಿದ್ಯುತ್ ಹೋಗಿ ಬಂದಾಗ ಪಂಪಿನಲ್ಲಿ ಸಿಕ್ಕಿಕೊಂಡ ಗಾಳಿ ಕೆಲವು ನಿಮಿಷ ಗದ್ದಲ ಮಾಡಿ ತಾನೇ ಹೊರಟುಹೋಗುತ್ತದೆ. ಅದಕ್ಕೆ ಚಿಕಿತ್ಸೆ ಬೇಕಿಲ್ಲ.

ಪಂಪಿನ ಬಾಯಿಗೆ ಪಾಚಿಯೋ ಬಸವನಹುಳುವೋ ಅಡ್ಡವಾಗಿದ್ದರೆ ಬೇರೊಂದು ತೊಡಕು ಹುಟ್ಟಬಹುದು. ಒತ್ತಡ ತೀರ ಕುಸಿದ ಕಡೆ ನೀರು ಕಾಯಿಸದೆಯೇ ಆವಿಯ ಗುಳ್ಳೆಗಳಾಗಿ ಒಡೆಯುತ್ತದೆ; ಒತ್ತಡ ಮರಳಿದೊಡನೆ ಆ ಗುಳ್ಳೆಗಳು ಥಟ್ಟನೆ ಕುಸಿದು, ಜಲ್ಲಿಕಲ್ಲು ಅಲುಗಾಡಿಸಿದಂಥ ಸದ್ದನ್ನುಂಟುಮಾಡುತ್ತವೆ. ಇಂಥ ಕುಸಿತದಲ್ಲಿ ಎಷ್ಟು ಭಾರಿ ಒತ್ತಡ ಹುಟ್ಟಬಲ್ಲುದೆಂಬುದನ್ನು ಲಾರ್ಡ್ ರ್‍ಯಾಲೆ 1917ರಲ್ಲಿಯೇ ಲೆಕ್ಕಹಾಕಿದ್ದನು. ಮನೆಯ ಚಿಕ್ಕ ಪಂಪಿನಲ್ಲಿ ಇದು ವಿರಳ. ಆದರೂ ಹರಿವನ್ನು ತಗ್ಗಿಸಬೇಕಾದಾಗ ನೀರು ಹೊರಹೋಗುವ ಕಡೆಯ ಕೀಲನ್ನು ತಿರುಗಿಸಬೇಕೇ ಹೊರತು ಒಳಬರುವ ಬಾಯನ್ನು ಕಟ್ಟಬಾರದೆಂಬ ನಿಯಮಕ್ಕೆ ಇದೇ ಆಧಾರ.

ಗುಂಯ್ ಎಂಬ ಸದ್ದು: ಅನುರಣನೆ

ತಂಬೂರಿಯ ತಂತಿಯನ್ನು ಬುರುಡೆಯಿಂದ ಬೇರ್ಪಡಿಸಿ ಮೀಟಿದರೆ ಅದರ ನಾದ ಪಕ್ಕದವನಿಗೂ ಕೇಳದು. ತೆಳ್ಳನೆಯ ತಂತಿಗೆ ಗಾಳಿಯನ್ನು ಹೆಚ್ಚಾಗಿ ಅಲುಗಿಸುವ ಶಕ್ತಿಯಿಲ್ಲ. ಆ ಕೆಲಸವನ್ನು ವಿಶಾಲವಾದ ಬುರುಡೆ ಮಾಡುತ್ತದೆ. ಪಂಪಿನ ವಿಷಯದಲ್ಲಿಯೂ ಹೀಗೆಯೇ. ಸಂಪಿನ ಗಾಜಿನ ಗೋಡೆ, ಅದು ಕುಳಿತಿರುವ ಮರದ ಪೆಟ್ಟಿಗೆ, ಪೆಟ್ಟಿಗೆಯ ಬಾಗಿಲು, ಗಟ್ಟಿ ಕೊಳವೆ ಇವೆಲ್ಲ ಬುರುಡೆಯ ಪಾತ್ರವನ್ನು ವಹಿಸುತ್ತವೆ. ಇವುಗಳಲ್ಲಿ ಯಾವುದಾದರೊಂದರ ಸಹಜ ಕಂಪನವು ಪಂಪಿನ ಕಂಪನಕ್ಕೆ ಹೊಂದಿಕೊಂಡಿತೆಂದರೆ ಮೆಲುದನಿಯೂ ಗರ್ಜನೆಯಾಗುತ್ತದೆ.

ಇಲ್ಲಿ ಮಾಡಬೇಕಾದುದು ಪಂಪನ್ನು ಬದಲಿಸುವುದಲ್ಲ, ಕಂಪನದ ದಾರಿಯನ್ನು ಕಡಿಯುವುದು. ಪಂಪು ಯಾವ ಗೋಡೆಗೂ ತಾಗದಂತಿರಬೇಕು. ಅದರ ಕೆಳಗೆ ಮೆತ್ತನೆಯ ಸಿಲಿಕೋನಿನ ಹಾಸು ಇರಬೇಕು. ಪಂಪಿಗೂ ಗಟ್ಟಿ ಕೊಳವೆಗೂ ನಡುವೆ ಗೇಣುದ್ದದ ಬಳುಕುವ ಸಿಲಿಕೋನ್ ಕೊಳವೆಯಿದ್ದರೆ ಒಳಿತು. ಪೆಟ್ಟಿಗೆಯ ಮೇಲೆ ಅಂಗೈಯನ್ನು ಒತ್ತಿಹಿಡಿದಾಗ ಸದ್ದು ತಗ್ಗಿದರೆ ದೋಷ ಈ ಬಗೆಯದೆಂದು ತಿಳಿಯಬಹುದು.

ಕಟಕಟ, ಕರಕರ: ಸುಣ್ಣ ಮತ್ತು ಸವೆತ

ಸಮುದ್ರದ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹವಳದ ಜೀವಿಗಳು ತಮ್ಮ ಮನೆಯನ್ನು ಕಟ್ಟುವುದು ಇದರಿಂದಲೇ. ಸಕ್ಕರೆಯು ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟಿನ ಸ್ವಭಾವ ಇದಕ್ಕೆ ವಿರುದ್ಧ. ನೀರು ಬಿಸಿಯಾದಷ್ಟೂ ಅದು ಕರಗುವುದು ಕಡಿಮೆ. ಸುರುಳಿಗಳ ಶಾಖದಿಂದ ಬೆಚ್ಚಗಿರುವ ಪಂಪಿನ ಒಳಗೋಡೆಯನ್ನೇ ಆರಿಸಿಕೊಂಡು ಸುಣ್ಣದ ಹೊರಪದರ ಕಟ್ಟುವುದು ಇದರಿಂದ. ಕಾಂತಕ್ಕೂ ಗೋಡೆಗೂ ನಡುವಣ ಕೂದಲೆಳೆಯ ಸಂದು ತುಂಬುತ್ತ ಬಂದಂತೆ ಕರಕರ ಸದ್ದು ಕೇಳುತ್ತದೆ. ಇದನ್ನು ಅಲಕ್ಷಿಸಿದರೆ, ಒಂದು ದಿನ ವಿದ್ಯುತ್ ಹೋಗಿ ಬಂದ ಮೇಲೆ ಪಂಪು ಮತ್ತೆ ತಿರುಗುವುದೇ ಇಲ್ಲ.

ಇದಕ್ಕೆ ಮದ್ದು ಅಡಿಗೆಮನೆಯಲ್ಲಿದೆ. ವಿನೆಗರಿನ ಅಸಿಟಿಕ್ ಆಮ್ಲವು ಸುಣ್ಣದೊಡನೆ ವರ್ತಿಸಿ ನೀರಿನಲ್ಲಿ ಕರಗುವ ಕ್ಯಾಲ್ಸಿಯಂ ಅಸಿಟೇಟನ್ನು ಕೊಡುತ್ತದೆ. ಇಂಗಾಲದ ಡೈ ಆಕ್ಸೈಡ್ ಗುಳ್ಳೆಗಳಾಗಿ ಹೊರಬರುತ್ತದೆ. ಬಿಚ್ಚಿದ ಭಾಗಗಳನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಗುಳ್ಳೆಗಳು ನಿಲ್ಲುವ ತನಕ ನೆನೆಯಿಟ್ಟು, ಮೃದುವಾದ ಕುಂಚದಿಂದ ಉಜ್ಜಿ, ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದರೆ ಸಾಕು. ಆದರೆ ಆಮ್ಲವನ್ನು ಬ್ಲೀಚಿನೊಡನೆ ಎಂದಿಗೂ ಬೆರೆಸಕೂಡದು. ಹಾಗೆ ಮಾಡಿದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಹೊರಡುತ್ತದೆ.

ಶುಚಿಮಾಡಿದ ಮೇಲೂ ಕಟಕಟ ನಿಲ್ಲದಿದ್ದರೆ ಪಿಂಗಾಣಿಯ ಕಡ್ಡಿ ಸೀಳಿದೆಯೇ, ಅದರ ತುದಿಗಳ ರಬ್ಬರು ಬಿರುಸಾಗಿದೆಯೇ, ರೆಕ್ಕೆ ಮುರಿದಿದೆಯೇ ಎಂದು ನೋಡಬೇಕು. ಹಲವು ಪಂಪುಗಳಲ್ಲಿ ರೆಕ್ಕೆಚಕ್ರವು ಕಾಂತಕ್ಕೆ ಬಿಗಿಯಾಗಿ ಅಂಟಿರದೆ ಸ್ವಲ್ಪ ದೂರ ಸಡಿಲವಾಗಿ ತಿರುಗುತ್ತದೆ. ಪಂಪು ಸುಲಭವಾಗಿ ಹೊರಡಲೆಂದು ಮಾಡಿದ ಉಪಾಯವಿದು, ದೋಷವಲ್ಲ. ಸವೆದ ಭಾಗವೊಂದನ್ನೇ ಬದಲಿಸಿದರೆ ಪಂಪು ಮೊದಲಿನಂತಾಗುತ್ತದೆ.

ಮೀನಿಗೆ ಕೇಳುವುದೆಷ್ಟು?

ನೀರಿನಲ್ಲಿ ಹುಟ್ಟಿದ ಶಬ್ದವು ನೀರಿನ ಮೇಲ್ಮೈಯನ್ನು ದಾಟಿ ನೇರವಾಗಿ ಗಾಳಿಗೆ ಬರುವುದು ಅದರ ಶಕ್ತಿಯ ಸಾವಿರದಲ್ಲಿ ಸುಮಾರು ಒಂದು ಪಾಲು ಮಾತ್ರ. ಉಳಿದುದು ಮತ್ತೆ ನೀರಿಗೇ ಹಿಂದಿರುಗುತ್ತದೆ. ಮೀನಿಗೆ ಹೊರಗಿವಿಯಿಲ್ಲದಿದ್ದರೂ ತಲೆಯೊಳಗೆ ಕಿವಿಗಲ್ಲುಗಳಿವೆ, ಮೈಯ ಇಕ್ಕೆಲಗಳಲ್ಲಿ ನೀರಿನ ಅಲುಗಾಟವನ್ನು ಅರಿಯುವ ಗೆರೆಗಳಿವೆ. ಅನೇಕ ಮೀನುಗಳು ಚೆನ್ನಾಗಿ ಕೇಳುವುದು ಕೆಳಸ್ವರಗಳನ್ನೇ. ಪಂಪಿನ 100 ಕಂಪನಗಳ ಸ್ವರವೂ ಆ ವರ್ಗದ್ದು. ನಾವು ಬಾಗಿಲು ಮುಚ್ಚಿ ಮಲಗಬಹುದು, ತೊಟ್ಟಿಯ ಮೀನಿಗೆ ಆ ಅನುಕೂಲವಿಲ್ಲ.

ಪರೀಕ್ಷೆಯ ಕ್ರಮ

1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಸ್ಟೆತಾಸ್ಕೋಪನ್ನು ಕಂಡುಹಿಡಿದ ಮೇಲೆ ಎದೆಯ ಶಬ್ದಗಳಿಂದ ರೋಗವನ್ನು ಗುರುತಿಸುವುದು ಒಂದು ಶಾಸ್ತ್ರವಾಯಿತು. ಪಂಪಿನ ವಿಷಯದಲ್ಲಿಯೂ ಮೊದಲ ಉಪಕರಣ ಕಿವಿಯೇ. ಪಂಪಿನ ಸ್ವಿಚ್ಚನ್ನು ಆರಿಸಿ ಆಲಿಸಬೇಕು. ಕೂಡಲೇ ನಿಂತ ಸದ್ದು ಪಂಪಿಗೆ ಸೇರಿದ್ದು. ಕೆಲವು ಕ್ಷಣ ಮುಂದುವರಿದು ಕ್ರಮೇಣ ಅಡಗಿದ್ದು ಕೋಡಿಯಿಂದ ಇಳಿಯುವ ನೀರಿನದು. ಎರಡನೆಯದಕ್ಕಾಗಿ ಪಂಪನ್ನು ಬಿಚ್ಚುವುದು ವ್ಯರ್ಥ.

ಸದ್ದು ಪಂಪಿನದೇ ಎಂದಾದರೆ ಮೊದಲು ಕೊನೆಯ ಕೋಣೆಯ ನೀರಿನ ಮಟ್ಟ, ಬಳಿಕ ಪಂಪಿನ ಬಾಯಿ, ಬಳಿಕ ಅದು ತಾಗುವ ಸ್ಥಳಗಳು, ಆಮೇಲೆ ಸುಣ್ಣ, ಕಟ್ಟಕಡೆಗೆ ಸವೆದ ಭಾಗಗಳು, ಈ ಕ್ರಮದಲ್ಲಿ ಸಾಗಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ಮತ್ತೆ ಆಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂತೆಂಬುದು ತಿಳಿಯುವುದಿಲ್ಲ. ಉಪ್ಪುನೀರು ವಿದ್ಯುತ್ತಿಗೆ ಒಳ್ಳೆಯ ವಾಹಕವಾದುದರಿಂದ, ಕೈಯನ್ನು ಮುಳುಗಿಸುವ ಮುನ್ನ ತೊಟ್ಟಿಯ ಎಲ್ಲ ವಿದ್ಯುತ್ ಉಪಕರಣಗಳ ಪ್ಲಗ್ಗುಗಳನ್ನೂ ಕೀಳುವುದು ಕಡ್ಡಾಯ. ಸೋರಿಕೆಯಾದೊಡನೆ ಪ್ರವಾಹವನ್ನು ಕಡಿಯುವ ಸಾಧನವನ್ನು ಈ ಮಾರ್ಗಕ್ಕೆ ಜೋಡಿಸಿರುವುದು ಇನ್ನೂ ಕ್ಷೇಮ.

ಈ ಕ್ರಮದ ಮೊದಲ ಹೆಜ್ಜೆಗೆ ಒಂದು ಚೆಂಬು ಶುದ್ಧ ನೀರಿನ ಹೊರತು ಬೇರೆ ವೆಚ್ಚವಿಲ್ಲ. ಹಲವು ತೊಟ್ಟಿಗಳಲ್ಲಿ ಎರಡನೆಯ ಹೆಜ್ಜೆಯ ಅವಶ್ಯಕತೆಯೇ ಬೀಳುವುದಿಲ್ಲ.