ಮದ್ರಾಸಿನ ದೊಡ್ಡಾಸ್ಪತ್ರೆ: ಊರವರಿಗೆ ಬಾಗಿಲು ತೆರೆಯಲು 178 ವರ್ಷ

ಮಂಗಳೂರಿನಿಂದ ಮೇಲ್ ಗಾಡಿ ಹತ್ತಿ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದರೆ ರಸ್ತೆಯಾಚೆಗೇ ಒಂದು ದೊಡ್ಡ ಸರಕಾರಿ ಆಸ್ಪತ್ರೆ. ಈಗಿನ ಹೆಸರು ರಾಜೀವ್ ಗಾಂಧಿ ಸರಕಾರಿ ಜನರಲ್ ಆಸ್ಪತ್ರೆ. ಬೆಳಿಗ್ಗೆಯೇ ಚೀಟಿ ಮಾಡಿಸಿ ಸಾಲಲ್ಲಿ ನಿಲ್ಲುವ ಬಡವರಂಥವರಿಗೆ ಒಂದು ಕಾಲದಲ್ಲಿ ಇಲ್ಲಿ ಜಾಗವೇ ಇರಲಿಲ್ಲ. ಇದು ಮಿಲಿಟರಿ ಆಸ್ಪತ್ರೆಯಾಗಿತ್ತು.

ಶುರುವಾದದ್ದು 1664ರ ನವೆಂಬರ್ 16ರಂದು, ಸೇಂಟ್ ಜಾರ್ಜ್ ಕೋಟೆಯೊಳಗೆ. ಇಂಗ್ಲೆಂಡಿನಿಂದ ತಿಂಗಳುಗಟ್ಟಲೆ ಹಡಗಿನಲ್ಲಿ ಬಂದ ಈಸ್ಟ್ ಇಂಡಿಯಾ ಕಂಪೆನಿಯ ಸೈನಿಕರು ಇಲ್ಲಿನ ಹವೆಗೆ ಹಾಸಿಗೆ ಹಿಡಿಯುತ್ತಿದ್ದರು. ಕೋಟೆಯ ಮುಖ್ಯಸ್ಥ ಸರ್ ಎಡ್ವರ್ಡ್ ವಿಂಟರ್ ಅವರಿಗೆಂದು ಚಿಕಿತ್ಸೆಯ ಏರ್ಪಾಡು ಮಾಡಿದ. ಕರುಣೆಯೂ ಇದ್ದಿರಬಹುದು. ಆದರೆ ವ್ಯಾಪಾರಿ ಕಂಪೆನಿಯ ಲೆಕ್ಕ ಯಾವ ಅಂಗಡಿಯವನಿಗೂ ಅರ್ಥವಾಗುತ್ತದೆ: ಕಡಲು ದಾಟಿಸಿ ತಂದವನು ಸತ್ತರೆ ಇನ್ನೊಬ್ಬನನ್ನು ತರಿಸಲು ಮತ್ತೆ ಅಷ್ಟೇ ಖರ್ಚು, ಅಷ್ಟೇ ತಿಂಗಳು ಕಾಯಬೇಕು.

1746ರಲ್ಲಿ ಫ್ರೆಂಚರು ಮದ್ರಾಸನ್ನು ಹಿಡಿದಾಗ ಆಸ್ಪತ್ರೆಯೂ ನೆಲೆ ಕಳೆದುಕೊಂಡಿತು. 1769ರಲ್ಲಿ ಹೈದರಲಿಯ ಸೇನೆ ಮದ್ರಾಸಿನ ಬಾಗಿಲಿಗೇ ಬಂದು ಒಪ್ಪಂದ ಬರೆಸಿಕೊಂಡಿತು. ಅದಾಗಿ ಮೂರೇ ವರ್ಷಕ್ಕೆ, 1772ರಲ್ಲಿ, ಆಸ್ಪತ್ರೆ ಈಗಿರುವ ಜಾಗಕ್ಕೆ ಬಂತು. ಮುಂದೆ ಮೈಸೂರಿನ ಜೊತೆ ಇನ್ನೆರಡು ಯುದ್ಧ ಮುಗಿಯುವಾಗ, ಅಂದರೆ 1792ರಲ್ಲಿ, ಅದಿಯಮಾನ್‌ಕೋಟೆ ಇರುವ ಬಾರಾಮಹಲ್ ಸೀಮೆ ಟಿಪ್ಪುವಿನ ಕೈತಪ್ಪಿ ಕಂಪೆನಿಯ ಪಾಲಾಯಿತು. 1799ರಲ್ಲಿ ನಮ್ಮ ಕರಾವಳಿಯೂ ಹೋಯಿತು. ಎಲ್ಲರಿಗೂ ರಾಜಧಾನಿ ಮದ್ರಾಸು. ಆದರೂ ಆ ರಾಜಧಾನಿಯ ದೊಡ್ಡಾಸ್ಪತ್ರೆ ಊರವರದ್ದಾಗಲಿಲ್ಲ.

1835ರಲ್ಲಿ ಇದಕ್ಕೆ ಸೇರಿದಂತೆ ಒಂದು ವೈದ್ಯಕೀಯ ಶಾಲೆ ಶುರುವಾಯಿತು. ಅದೂ ಸೈನ್ಯಕ್ಕೆ ಬೇಕಾದ ವೈದ್ಯ ಸಹಾಯಕರನ್ನು ತಯಾರು ಮಾಡಲಿಕ್ಕೇ. ಭಾರತೀಯ ರೋಗಿಗಳಿಗೆ ಬಾಗಿಲು ತೆರೆದದ್ದು 1842ರಲ್ಲಿ! ಹುಟ್ಟಿ 178 ವರ್ಷಗಳ ಮೇಲೆ.

ಶಾಲೆಯೇ ಮುಂದೆ ಮದ್ರಾಸ್ ಮೆಡಿಕಲ್ ಕಾಲೇಜು ಆಯಿತು. 1875ರಲ್ಲಿ ಮೇರಿ ಶಾರ್ಲೀಬ್ ಸೇರಿ ನಾಲ್ವರು ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶ ಸಿಕ್ಕಿತು. ದೇವದಾಸಿ ಪದ್ಧತಿಯ ವಿರುದ್ಧ ಕಾನೂನಿಗಾಗಿ ಹೋರಾಡಿದ ಮುತ್ತುಲಕ್ಷ್ಮಿ ರೆಡ್ಡಿ 1912ರಲ್ಲಿ ಡಾಕ್ಟರಾಗಿ ಹೊರಬಂದದ್ದೂ ಇಲ್ಲಿಂದಲೇ.

ದಕ್ಷಿಣ ಕನ್ನಡ 1956ರ ನವೆಂಬರ್ 1ರವರೆಗೆ ಮದ್ರಾಸಿಗೇ ಸೇರಿತ್ತು. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆಗುವವರೆಗೆ ಜಿಲ್ಲೆಯ ಯಾವ ಹುಡುಗ ಡಾಕ್ಟರಾಗಬೇಕೆಂದರೂ ಪೆಟ್ಟಿಗೆ ಕಟ್ಟಿ ಮದ್ರಾಸಿಗೋ ಮೈಸೂರಿಗೋ ಹೊರಡಬೇಕಿತ್ತು. 1955ರಲ್ಲಿ ಆ ಕಾಲೇಜು ಮಂಗಳೂರಿಗೂ ಬಂತು. ವಿದ್ಯಾರ್ಥಿಗಳಿಗೆ ಪಾಠಶಾಲೆಯಾದದ್ದು ವೆನ್ಲಾಕ್ ಸರಕಾರಿ ಆಸ್ಪತ್ರೆಯ ವಾರ್ಡು. ಇವತ್ತಿಗೂ ಅಲ್ಲಿನ ಮಂಚದ ಸುತ್ತ ಬಿಳಿ ಕೋಟಿನ ಹುಡುಗ ಹುಡುಗಿಯರು ನಿಂತಿರುತ್ತಾರೆ.