ಮಾರ್ವೆನ್‌ಸ್ಟೋ ಪ್ಯಾರಿಷ್: ಆಚರಣೆಯ ಪ್ರಾಚೀನತೆಯ ಪ್ರಶ್ನೆ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ‘ಪ್ಯಾರಿಷ್’ ಎಂಬುದು ಕೇವಲ ಒಂದು ಚರ್ಚಿನ ವ್ಯಾಪ್ತಿಯಾಗಿರಲಿಲ್ಲ; ಸ್ಥಳೀಯ ಆಡಳಿತದ ಘಟಕವೂ ಆಗಿತ್ತು. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ದಾಖಲೆಯನ್ನು 1538ರಿಂದಲೂ ಪ್ಯಾರಿಷ್‌ಗಳೇ ಇರಿಸುತ್ತ ಬಂದಿದ್ದವು. ಇಂತಹ ಒಂದು ಘಟಕದ ಇತಿಹಾಸವು ಆಚರಣೆಗಳ ಹುಟ್ಟಿನ ಬಗೆಗೆ ಏನನ್ನು ತಿಳಿಸುತ್ತದೆ ಎಂಬುದನ್ನು ಮಾರ್ವೆನ್‌ಸ್ಟೋದ ನಿದರ್ಶನದಿಂದ ಪರಿಶೀಲಿಸಬಹುದು.

ಮಾರ್ವೆನ್‌ಸ್ಟೋ ಕಾರ್ನ್‌ವಾಲ್‌ನ ಉತ್ತರದ ತುದಿಯಲ್ಲಿ, ಅಟ್ಲಾಂಟಿಕ್ ಸಾಗರದ ಕಡಿದಾದ ಬಂಡೆಗಳ ಮೇಲಿರುವ ಊರು. ಕವಿಯೂ ಆಗಿದ್ದ ರಾಬರ್ಟ್ ಸ್ಟೀಫನ್ ಹಾಕರ್ (1803–1875) ಇಲ್ಲಿ ಸುಮಾರು ನಾಲ್ಕು ದಶಕಗಳ ಕಾಲ ಪಾದ್ರಿಯಾಗಿದ್ದರು. ನೌಕಾಘಾತದಲ್ಲಿ ಸತ್ತು ದಡ ಸೇರಿದವರನ್ನು ಯಾವ ವಿಧಿಯೂ ಇಲ್ಲದೆ ಕಡಲಂಚಿನಲ್ಲೇ ಹೂಳುವುದು ಹಿಂದೆ ರೂಢಿಯಲ್ಲಿತ್ತು. ಅಂತಹ ಶವಗಳನ್ನು ಚರ್ಚಿನ ಸ್ಮಶಾನದಲ್ಲಿ ಹೂಳಬೇಕೆಂದು 1808ರ ಕಾಯಿದೆ ವಿಧಿಸಿತು. ಆದರೆ ಕಾಯಿದೆಯ ವಿಧಿಯು ಊರಿನ ನಡೆಯಾಗಲು ಯಾರಾದರೂ ಬಂಡೆಯಿಳಿದು ಶವಗಳನ್ನು ಹೊತ್ತು ತರಬೇಕಿತ್ತು. ಹಾಕರ್ ಊರವರೊಡನೆ ಆ ಕೆಲಸ ಮಾಡಿದರು. 1842ರಲ್ಲಿ ಒಡೆದ ‘ಕ್ಯಾಲಿಡೋನಿಯಾ’ ಹಡಗಿನ ಮುಂತುದಿಯ ಮರದ ಪ್ರತಿಮೆಯೇ ಅದರ ನಾವಿಕರ ಸಮಾಧಿಯ ಗುರುತಾಯಿತು. ಮೂಲಪ್ರತಿಮೆ ಈಗ ಚರ್ಚಿನೊಳಗಿದೆ. ಹೊರಗಿರುವುದು ಅದರ ಪ್ರತಿರೂಪ.

ಮರುವರ್ಷ, 1843ರ ಅಕ್ಟೋಬರ್‌ನಲ್ಲಿ, ಹಾಕರ್ ಸುಗ್ಗಿಯ ಕೃತಜ್ಞತಾ ಆರಾಧನೆಯನ್ನು ನಡೆಸಿದರು. ಹೊಸ ಗೋಧಿಯ ರೊಟ್ಟಿಯನ್ನು ಅರ್ಪಿಸುವ ‘ಲಾಮಸ್’ ಎಂಬ ಮಧ್ಯಯುಗದ ಆಚರಣೆ ಅವರ ಮನಸ್ಸಿನಲ್ಲಿತ್ತು. ಹೊಲದಲ್ಲಿ ಕೊನೆಯ ಹಿಡಿ ತೆನೆಯನ್ನು ಎತ್ತಿ ಕೂಗುವುದು, ಒಡೆಯನ ಮನೆಯಲ್ಲಿ ಉಣ್ಣುವುದು ಮೊದಲಾದ ರೈತಾಪಿ ಆಚರಣೆಗಳು ಅದಕ್ಕೂ ಮೊದಲೇ ಇದ್ದವು. ಹೊಸದಾದದ್ದು ಸುಗ್ಗಿಯು ಚರ್ಚಿನೊಳಗೆ ವಾರ್ಷಿಕ ಹಬ್ಬವಾದದ್ದು. ಇಂದು ಇಂಗ್ಲೆಂಡಿನಾದ್ಯಂತ ಪುರಾತನವೆಂದೇ ತೋರುವ ಈ ಹಬ್ಬದ ಈಗಿನ ರೂಪಕ್ಕೆ ಎರಡು ಶತಮಾನದ ವಯಸ್ಸೂ ಇಲ್ಲ.

ಹಾಕರ್ 1824ರಲ್ಲಿ ರಚಿಸಿ, ಹೆಸರಿಲ್ಲದೆ ಪ್ರಕಟಿಸಿದ ಕಾರ್ನ್‌ವಾಲ್‌ನ ಗೀತೆಯನ್ನು ವಾಲ್ಟರ್ ಸ್ಕಾಟ್ ಅವರಂತಹವರೂ ಹಳೆಯ ಲಾವಣಿಯೆಂದೇ ಭಾವಿಸಿದ್ದರು. ಅದರಲ್ಲಿ ಹಳೆಯದಾಗಿದ್ದುದು ಪಲ್ಲವಿ ಮಾತ್ರ. ಇನ್ನು ಹಾಕರ್ ಅವರ ಬದುಕೇ ಐತಿಹ್ಯವಾಯಿತು. ಜಾನಪದ ಗೀತೆಗಳ ಸಂಗ್ರಾಹಕರಾದ ಸಬೈನ್ ಬೇರಿಂಗ್-ಗೂಲ್ಡ್ 1876ರಲ್ಲಿ ಬರೆದ ಜೀವನಚರಿತ್ರೆಯು ಈ ಐತಿಹ್ಯವನ್ನು ಬೆಳೆಸಿತು. ಆದುದರಿಂದ ಸಂಶೋಧಕರು ಅದನ್ನು ಪ್ಯಾರಿಷ್ ದಾಖಲೆಗಳೊಡನೆ ಹೋಲಿಸಿ ನೋಡಬೇಕಾಗುತ್ತದೆ.

ಒಂದು ಆಚರಣೆಯ ಕಾಲವನ್ನು ನಿಗದಿಪಡಿಸಿದ ಮಾತ್ರಕ್ಕೆ ಅದನ್ನು ಕೃತಕವೆಂದು ತಳ್ಳಿಹಾಕುವುದು ಸರಿಯಲ್ಲ. ಹಾಕರ್ ಹಳೆಯ ನೆನಪಿಗೆ ಹೊಸ ರೂಪ ಕೊಟ್ಟರು. ಜನ ಅದನ್ನು ಒಪ್ಪಿ ತಮ್ಮದಾಗಿಸಿಕೊಂಡರು. ಆಚರಣೆಗೆ ಬಲ ಬರುವುದು ಅದರ ವಯಸ್ಸಿನಿಂದಲ್ಲ, ಈ ಒಪ್ಪಿಗೆಯಿಂದ ಎಂಬುದನ್ನು ಮಾರ್ವೆನ್‌ಸ್ಟೋ ಸ್ಪಷ್ಟಪಡಿಸುತ್ತದೆ.