ಮ್ಯಾಪ್ ಮೂಲ್ಯಾಗಿನ ಹೆಸರು ಮುಚ್ಚಬಹುದಾ?

ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಸುರಪುರದ ಟೇಲರ್ ಮಂಜಿಲ್, ಯಾದಗಿರಿ ಕೋಟೆ. ಮೂರಕ್ಕೂ ದಾರಿ ತೋರಿಸೋ ವೆಬ್‌ಸೈಟ್ ಮಾಡಿ, ಒಳಗೊಂದು ಮ್ಯಾಪ್ ಕೂಡಿಸೀರಿ ಅಂತ ತಿಳ್ಕೊಳ್ರಿ. ಮೂಲ್ಯಾಗ ಗೂಗಲ್ ಲೋಗೊ ಕಾಣ್ತದ. ಡಿಸೈನ್ ಕೆಡ್ತು ಅಂತ ಒಂದು ಸಾಲು ಸಿಎಸ್‌ಎಸ್ ಬರೆದು ಅದನ್ನ ಮರೆ ಮಾಡಬಹುದಾ?

ಕೈಯಿಂದ ಆಗ್ತದ, ಕರಾರು ಒಪ್ಪಂಗಿಲ್ಲ. ಲೋಗೊ, ಕಾಪಿರೈಟ್ ಸಾಲು ತೆಗೀಬಾರದು, ಮುಚ್ಚಬಾರದು, ಬದಲಿಸಬಾರದು ಅಂತ ಗೂಗಲ್ ಮ್ಯಾಪ್ಸ್ ನಿಯಮದಾಗೇ ಅದ. ಅದರ ಮ್ಯಾಲ ನಿಮ್ಮ ವಾಟ್ಸಾಪ್ ಬಟನ್ ತಂದಿಟ್ರೂ ಮುಚ್ಚಿದಂಗೇ. ರೊಕ್ಕ ಕಟ್ಟಿ ಬಳಸಿದ್ರೂ ಇದೇ ಮಾತು.

ಹಂಗಾದ್ರ ಓಪನ್‌ಸ್ಟ್ರೀಟ್‌ಮ್ಯಾಪ್ ಹಾಕ್ತೀವಿ, ಅದು ಪುಕ್ಕಟೆ ಅಲ್ಲೇನ್ರಿ? ಪುಕ್ಕಟೆ ಖರೆ. 2004ರಾಗ ಶುರುವಾದ ಈ ನಕ್ಷೆ ಸ್ವಯಂಸೇವಕರು ಕಟ್ಟಿದ್ದು. ಯಾರೋ ಕೂತು ಓಣಿ, ಹಳ್ಳ, ಕಾಲುವೆ ಒಂದೊಂದಾಗಿ ಗುರುತು ಹಾಕಿರ್ತಾರ. ನಕ್ಷೆ ತೋರಿಸೋರಿಂದ ಅದಕ್ಕ ಪ್ರತಿಯಾಗಿ ಮುಖ್ಯವಾಗಿ ಕೇಳೋದು ಹೆಸರು. 2012ರಿಂದ ಇರೋ ಓಡಿಬಿಎಲ್ ಲೈಸೆನ್ಸ್ ಪ್ರಕಾರ, ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರದು ಅನ್ನೋದು ನೋಡೋರಿಗೆ ಕಾಣಬೇಕು. ಅದನ್ನೂ ಅಳಿಸೋದು, ನನ್ನ ಕೇಳಿದ್ರ, ಗೂಗಲ್ ಲೋಗೊ ಮುಚ್ಚೋದಕ್ಕಿಂತ ಸಣ್ಣತನ.

ವೆಬ್‌ಸೈಟ್‌ನಾಗ ನಕ್ಷೆ ತೋರಿಸೋಕ ಲೀಫ್‌ಲೆಟ್ ಬಳಸೋರು ಕೇಳ್ರಿ. ಮೂಲ್ಯಾಗಿನ 'ಲೀಫ್‌ಲೆಟ್' ಅನ್ನೋ ಪದ ಬೇಕಾದ್ರ ತೆಗೀರಿ, ಅದು ಸಾಫ್ಟ್‌ವೇರ್ ಹೆಸರು. ಅದರ ಪಕ್ಕದಾಗಿನ ನಕ್ಷೆ ಕೊಟ್ಟೋರ ಸಾಲು ಮಾತ್ರ ಇರ್ಲೇಬೇಕು. ಮೊಬೈಲ್‌ನಾಗ ಜಾಗ ಸಾಲ್ದಿದ್ರ, ಓಪನ್‌ಸ್ಟ್ರೀಟ್‌ಮ್ಯಾಪ್ ಸಾಲನ್ನ 5 ಸೆಕೆಂಡ್ ತೋರಿಸಿ, ಆಮ್ಯಾಲ 'ಐ' ಬಟನ್ ಒಳಗ ಮಡಚಿಡ್ರಿ. ಅದಕ್ಕ ಅವರ ಮಾರ್ಗಸೂಚಿನೇ ಒಪ್ತದ.